ತುಟಿಗೆ ಚುಚ್ಚಿಸಿಕೊಳ್ಳುವುದು: ಮೂರು ನಿಮಿಷದ ಸೂಜಿ, ಎರಡು ತಿಂಗಳ ಆರೈಕೆ

ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಮಾರಿಹಬ್ಬ ನೋಡಿದವರಿಗೆ ಬಾಯಿಬೀಗ ಗೊತ್ತು. ಹರಕೆ ಹೊತ್ತವರು ಕೆನ್ನೆಗೆ ಸರಳು ಚುಚ್ಚಿಸಿಕೊಂಡು ಗುಡಿಯವರೆಗೆ ನಡೆಯುತ್ತಾರೆ. ಹರಕೆ ತೀರಿದ ಮೇಲೆ ಸರಳು ಕೀಳುತ್ತಾರೆ, ವಿಭೂತಿ ಒತ್ತುತ್ತಾರೆ, ಕೆಲವೇ ದಿನಗಳಲ್ಲಿ ತೂತು ಕೂಡಿಕೊಳ್ಳುತ್ತದೆ. ಬಾಯಿಯ ಸುತ್ತಲಿನ ಮಾಂಸಕ್ಕೆ ರಕ್ತದ ಹರಿವು ಹೆಚ್ಚು. ಗಾಯ ಬೇಗ ಮಾಯುವುದು ಅದರಿಂದ.

ತುಟಿಗೆ ಆಭರಣ ಹಾಕಿಸಿಕೊಳ್ಳುವಾಗ ನಾವು ಇದರ ತಿರುವು ಮುರುವು ಕೆಲಸ ಮಾಡುತ್ತೇವೆ. ಮುಚ್ಚಿಕೊಳ್ಳಲು ಹೊರಟ ಗಾಯದ ನಡುವೆ ಲೋಹದ ಸರಳೊಂದನ್ನು ಬಿಟ್ಟು, ಅದರ ಸುತ್ತ ಒಳಗಿನ ಲೋಳೆಪೊರೆಯಿಂದಲೂ ಹೊರಗಿನ ಚರ್ಮದಿಂದಲೂ ಹೊಸ ಪದರ ಬೆಳೆದು ಒಂದು ಪುಟ್ಟ ಕೊಳವೆ ಆಗಲಿ ಎಂದು ಕಾಯುತ್ತೇವೆ. ಇದಕ್ಕೆ 6ರಿಂದ 8 ವಾರ ಬೇಕು, ಕೆಲವರಿಗೆ 3 ತಿಂಗಳು. ಹೊರಗೆ ನೋಡಿದರೆ ಎರಡೇ ವಾರಕ್ಕೆ ವಾಸಿಯಾದಂತೆ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ.

ಚುಚ್ಚಿಸಿಕೊಂಡು ಕೆಟ್ಟವರ ಕತೆ ಕೇಳಿದಾಗಲೆಲ್ಲ ನನಗೆ ಸಿಕ್ಕಿದ್ದು ಎರಡೇ ಕಾರಣ. ಒಂದು, ಅತಿ ಆರೈಕೆ. ಇನ್ನೊಂದು, ಮೊದಲು ಹಾಕಿದ ಉದ್ದ ಸರಳನ್ನು ಚಿಕ್ಕದಕ್ಕೆ ಬದಲಿಸಲು ಮರಳಿ ಹೋಗದೆ ಇದ್ದದ್ದು. ಎರಡನೆಯ ತಪ್ಪನ್ನು ನಾನೂ ಮಾಡಿದ್ದೇನೆ. ಅದರ ವಿಷಯ ಮುಂದೆ ಬರುತ್ತದೆ.

ಚುಚ್ಚಿಸುವ ಮೊದಲು

ಹೃದಯದ ಕವಾಟದ ತೊಂದರೆ ಅಥವಾ ಹುಟ್ಟಿನಿಂದ ಬಂದ ಹೃದಯದ ದೋಷ ಇದ್ದರೆ, ಹೃದ್ರೋಗ ತಜ್ಞರನ್ನು ಕೇಳದೆ ಮುಂದುವರಿಯಬೇಡಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಸೋಂಕು ತರಬಲ್ಲದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗಾಯವಾದಲ್ಲೆಲ್ಲ ಉಬ್ಬು ಕಲೆ ಬೆಳೆಯುವ ಮೈ ಇದ್ದರೂ ಡಾಕ್ಟರ ಮಾತು ಮೊದಲು. ಬಸುರಿಯರು ಹೆರಿಗೆಯಾಗಿ ಸುಧಾರಿಸಿಕೊಳ್ಳುವವರೆಗೆ ಕಾಯುವುದು ಒಳ್ಳೆಯದು. ತುಟಿಯಲ್ಲಿ ಜ್ವರಗುಳ್ಳೆ ಎದ್ದಿದ್ದರೆ ಅದು ಪೂರ್ತಿ ಒಣಗಲಿ.

ಟೆಟನಸ್ ಚುಚ್ಚುಮದ್ದು ಹಾಕಿಸಿ 10 ವರ್ಷ ದಾಟಿದ್ದರೆ ಹಾಕಿಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲವಾದರೆ ಅದೂ ಆಗಲಿ. ದೊಡ್ಡವರಿಗೆ ಸಾಮಾನ್ಯವಾಗಿ 0, 1, 6 ತಿಂಗಳ ಲೆಕ್ಕದಲ್ಲಿ ಮೂರು ಡೋಸ್. ಸೂಜಿಯಿಂದ ಹರಡುವ ಹೆಪಟೈಟಿಸ್ ಸಿ ಮತ್ತು ಎಚ್‌ಐವಿಗೆ ಲಸಿಕೆ ಇಲ್ಲ. ಅದಕ್ಕೇ ಚುಚ್ಚುವ ಸ್ಟುಡಿಯೋದ ಸ್ವಚ್ಛತೆ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಹಲ್ಲಿನ ಡಾಕ್ಟರ ಬಳಿ ಒಮ್ಮೆ ಹೋಗಿ ಬನ್ನಿ. ಹುಳುಕು, ಒಸಡಿನ ರಕ್ತ ಇದ್ದರೆ ಮೊದಲು ಸರಿಪಡಿಸಿಕೊಳ್ಳಿ. ಕೆಳಗಿನ ಮುಂದಿನ ಹಲ್ಲುಗಳ ಒಸಡು ಈಗಾಗಲೇ ತೆಳುವಾಗಿದ್ದರೆ ಕೆಳತುಟಿಗೆ ಚುಚ್ಚಿಸುವ ಆಸೆ ಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಸರಳಿನ ತುದಿಯಲ್ಲಿ ತುಟಿಯ ಒಳಗೆ ಕೂರುವ ಚಪ್ಪಟೆ ಬಿಲ್ಲೆ ದಿನವಿಡೀ ಒಸಡಿಗೆ ಉಜ್ಜುತ್ತಿರುತ್ತದೆ. ಕೆಳಗೆ ಸರಿದ ಒಸಡು ತಾನಾಗಿ ಮತ್ತೆ ಮೇಲೆ ಬರುವುದಿಲ್ಲ.

ಕ್ಯಾಲೆಂಡರೂ ನೋಡಿ. ನೀಟ್ ಪರೀಕ್ಷೆಯ ಬಾಗಿಲಲ್ಲಿ ಓಲೆ, ಮೂಗುಬೊಟ್ಟು ಬಿಚ್ಚಿಸುವುದನ್ನು ಎಲ್ಲರೂ ನೋಡಿದ್ದೇವೆ. ಹೊಸ ತೂತಿನಿಂದ ಸರಳು ತೆಗೆದರೆ ಕೆಲವೇ ಗಂಟೆಗಳಲ್ಲಿ ಬಿಗಿದುಕೊಳ್ಳುತ್ತದೆ. ಪರೀಕ್ಷೆ, ಕೆಲಸದ ಸಂದರ್ಶನ, ಹಲ್ಲಿನ ಆಪರೇಷನ್, ಮದುವೆ ಇವುಗಳಿಂದ ಕನಿಷ್ಠ ಮೂರು ತಿಂಗಳು ದೂರದ ದಿನ ಆರಿಸಿಕೊಳ್ಳಿ. ರಕ್ತದಾನ ಮಾಡುವವರಾದರೆ ಅದನ್ನು ಮೊದಲೇ ಮುಗಿಸಿ. ಚುಚ್ಚಿಸಿಕೊಂಡವರಿಗೆ ರಕ್ತನಿಧಿಯವರು ಸಾಮಾನ್ಯವಾಗಿ ಒಂದು ವರ್ಷ ಕಾಯಲು ಹೇಳುತ್ತಾರೆ. 18 ತುಂಬದವರಿಗೆ ಒಳ್ಳೆಯ ಸ್ಟುಡಿಯೋದವರು ಮನೆಯವರಿಲ್ಲದೆ ಕೈ ಹಾಕುವುದಿಲ್ಲ, ಹಾಕಲೂಬಾರದು.

ತುಟಿಯ ಯಾವ ಜಾಗ

ಕೆಳತುಟಿಯ ಕೆಳಗೆ ನಟ್ಟನಡುವೆ ಹಾಕಿಸುವುದು ಲ್ಯಾಬ್ರೆಟ್. ಮೇಲ್ತುಟಿಯ ಮೇಲೆ ಮಗ್ಗುಲಿಗೆ ಮಚ್ಚೆಯಂತೆ ಕೂರುವುದು ಮನ್ರೋ. ಮರಿಲಿನ್ ಮನ್ರೋಳ ಮಚ್ಚೆಯಿಂದ ಬಂದ ಹೆಸರು. ಮೂಗಿನ ಕೆಳಗಿನ ಕುಳಿಯಲ್ಲಿ ಹಾಕಿಸಿದರೆ ಮೆಡೂಸಾ. ಕೆಳತುಟಿಯ ಎರಡೂ ಬದಿಗೆ ಒಂದೊಂದು ಹಾಕಿಸಿದರೆ ಹಾವು ಕಚ್ಚಿದ ಗುರುತಿನಂತೆ ಕಾಣುವುದರಿಂದ ಸ್ನೇಕ್ ಬೈಟ್ಸ್. ವರ್ಟಿಕಲ್ ಲ್ಯಾಬ್ರೆಟ್‌ನಲ್ಲಿ ಸರಳು ತುಟಿಯ ಕೆಳಗಿಂದ ಹೊಕ್ಕು ತುಟಿಯ ಮೇಲೇ ಹೊರಬರುತ್ತದೆ, ಬಾಯಿಯೊಳಗೆ ಹೋಗುವುದಿಲ್ಲ. ಒಸಡಿನ ದೃಷ್ಟಿಯಿಂದ ಇವುಗಳಲ್ಲಿ ಇದೇ ವಾಸಿ. ಹಲ್ಲಿನ ಬಗ್ಗೆ ಅಂಜಿಕೆ ಇದ್ದವರು ಇದನ್ನು ಯೋಚಿಸಬಹುದು.

ಅಕ್ಕಸಾಲಿ, ಗನ್ನು, ಸೂಜಿ

ನಮ್ಮಲ್ಲಿ ಕಿವಿ, ಮೂಗು ಚುಚ್ಚುವವರು ಅಕ್ಕಸಾಲಿಗಳು. ಚಿನ್ನದ ತಂತಿಯಿಂದಲೇ ಚುಚ್ಚಿ, ಬಗ್ಗಿಸಿ, ಅರಿಶಿನ ಎಣ್ಣೆ ಹಚ್ಚಿ ಕಳಿಸುತ್ತಿದ್ದ ಆ ಕೈಗಳ ಬಗ್ಗೆ ನನಗೆ ಗೌರವ ಇದೆ. ಆದರೆ ತುಟಿ ಅವರ ಕೆಲಸವಲ್ಲ. ಕಿವಿಯ ಹಾಲೆ ಸುಮ್ಮನೆ ಜೋತುಬಿದ್ದಿರುವ ಮಾಂಸ. ತುಟಿಯೋ, ಮಾತಿಗೆ, ಊಟಕ್ಕೆ, ನಗುವಿಗೆ ದಿನವಿಡೀ ಆಡುತ್ತದೆ. ಊದಿದರೆ ದಪ್ಪ ಎರಡರಷ್ಟಾಗುತ್ತದೆ. ಆ ಊತಕ್ಕೆ ಜಾಗ ಬಿಟ್ಟು ಅಳತೆಯ ಸರಳು ಹಾಕಬೇಕು.

ಬ್ಯೂಟಿ ಪಾರ್ಲರಿನ ಗನ್ನಂತೂ ತುಟಿಯ ಹತ್ತಿರ ಸುಳಿಯಬಾರದು. ಅದು ಮೊಂಡು ತುದಿಯನ್ನು ಒತ್ತಡದಿಂದ ನುಗ್ಗಿಸಿ ಮಾಂಸವನ್ನು ಜಜ್ಜುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಗನ್ನನ್ನು ಆಟೋಕ್ಲೇವ್ ಎಂಬ ಹಬೆಯ ಯಂತ್ರದಲ್ಲಿ ಬೇಯಿಸಲೂ ಆಗದು. ಬೇಕಾಗಿರುವುದು ಒಬ್ಬರಿಗೆ ಒಂದೇ ಸಲ ಬಳಸುವ, ಟೊಳ್ಳು ಸೂಜಿ.

ಸ್ಟುಡಿಯೋಗೆ ಒಂದು ದಿನ ಮುಂಚೆ ಸುಮ್ಮನೆ ಹೋಗಿ ನಾಲ್ಕು ಮಾತು ಕೇಳಿ. ಆಟೋಕ್ಲೇವ್ ತೋರಿಸಿ ಎನ್ನಿ; 121 ಡಿಗ್ರಿಯಲ್ಲಿ ಒತ್ತಡದ ಹಬೆಯಿಂದ ಉಪಕರಣ ಶುದ್ಧ ಮಾಡುವ, ಕುಕ್ಕರಿನ ಅಣ್ಣನಂಥ ಯಂತ್ರ ಅದು. ಅದನ್ನು ಬ್ಯಾಕ್ಟೀರಿಯಾ ಬೀಜಕಣದ ಪಟ್ಟಿ ಇಟ್ಟು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯುತ್ತಾರೋ, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ ಇದೆಯೋ ನೋಡಿ. ವಾಸಿಯಾದ, ಅಂದರೆ ಆರು ತಿಂಗಳು ಕಳೆದ ತೂತುಗಳ ಫೋಟೋ ತೋರಿಸಲು ಹೇಳಿ. ಚುಚ್ಚಿದ ಕ್ಷಣದ ಫೋಟೋ ಎಲ್ಲರ ಹತ್ತಿರವೂ ಚೆನ್ನಾಗಿರುತ್ತದೆ. ಪ್ರಶ್ನೆಗೆ ಸಿಡುಕಿದರೆ ಎದ್ದು ಬನ್ನಿ.

ಯಾವ ಲೋಹ: 916 ಯಾಕೆ ಬೇಡ

ಅಮ್ಮಂದಿರ ಮೊದಲ ಮಾತು, “ಹಾಕಿಸೋದೇ ಆದರೆ ಚಿನ್ನದ್ದೇ ಹಾಕಿಸು.” ನಮ್ಮ ಒಡವೆಗಳ ಮೇಲಿನ 916 ಅಂದರೆ 1000 ಭಾಗದಲ್ಲಿ 916 ಭಾಗ ಚಿನ್ನ, 22 ಕ್ಯಾರೆಟ್. ಮೂಗುಬೊಟ್ಟಿಗೆ ಸರಿ, ಹಸಿಗಾಯಕ್ಕೆ ಅಲ್ಲ. 22 ಕ್ಯಾರೆಟ್ ಮೆದು. ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ನಿಲ್ಲುತ್ತದೆ. ಚಿನ್ನವೇ ಬೇಕೆನ್ನುವವರು ಗಾಯ ಮಾದ ಮೇಲೆ 14 ಅಥವಾ 18 ಕ್ಯಾರೆಟ್‌ನ, ನಿಕಲ್ ಇಲ್ಲದ, ಗಟ್ಟಿ ಚಿನ್ನದ್ದು ಹಾಕಲಿ. ಗಿಲೀಟು ಬೇಡ, ಬೆಳ್ಳಿಯೂ ಬೇಡ. ಬೆಳ್ಳಿ ಕಪ್ಪಾಗಿ ಚರ್ಮದಲ್ಲಿ ಕಲೆ ಬಿಡಬಹುದು.

ಮೊದಲ ಆಭರಣಕ್ಕೆ ಟೈಟಾನಿಯಂ. ಬರೀ ಟೈಟಾನಿಯಂ ಎಂದರೆ ಸಾಲದು, ಎಎಸ್‌ಟಿಎಂ ಎಫ್136 ಎಂಬ ಗುರುತಿನದು, ಅಂದರೆ ಮೂಳೆಯೊಳಗೆ ಕೂರಿಸುವ ದರ್ಜೆಯದು ಎಂದು ಕೇಳಿ. ಅಗ್ಗದ ಓಲೆ ಹಾಕಿದಾಗ ಕಿವಿ ತುರಿಸಿ ನೀರಾಡುವುದು ಬಹುಪಾಲು ನಿಕಲ್ಲಿನಿಂದ. ಆ ತೊಂದರೆ ಇರುವವರಿಗೆ “ಸರ್ಜಿಕಲ್ ಸ್ಟೀಲ್” ಎಂಬ ಮಾತಿನಿಂದ ಸಮಾಧಾನ ಇಲ್ಲ, ಅದರಲ್ಲೂ ನಿಕಲ್ ಇರುತ್ತದೆ.

ಆಕಾರ: ಒಳಗೆ ಚಪ್ಪಟೆ ಬಿಲ್ಲೆ, ಹೊರಗೆ ಮಣಿ ಅಥವಾ ಹರಳು. ರಿಂಗ್ ನೋಡಲು ಚೆಂದ, ಆದರೆ ಹೊಸ ಗಾಯದಲ್ಲಿ ಅದು ತಿರುಗುತ್ತಾ ಹೊರಗಿನ ಹಕ್ಕಳೆಯನ್ನು ಒಳಗೆ ಎಳೆಯುತ್ತದೆ. ಸರಳಿನ ದಪ್ಪ ಸಾಮಾನ್ಯವಾಗಿ 16 ಗೇಜ್, ಅಂದರೆ 1.2 ಮಿಲಿಮೀಟರ್. ಓಲೆಯ ತಿರುಪಿನಂತೆ ಸರಳಿನ ಮೈಮೇಲೆ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇರುವಂಥದ್ದು ಬೇಡ, ತೂತಿನಲ್ಲಿ ಹೋಗಿ ಬರುವಾಗ ಗರಗಸದಂತೆ ಕೊರೆಯುತ್ತದೆ. ಮರೆ ಸರಳಿನ ಒಳಗಿರಬೇಕು, ಇಲ್ಲವೇ ಒತ್ತಿ ಕೂರಿಸುವ ಬಗೆಯದಾಗಿರಬೇಕು.

ಆ ದಿನ

ಹೊಟ್ಟೆ ತುಂಬ ಊಟ ಮಾಡಿ ಹೋಗಿ. ತಲೆ ಸುತ್ತಿ ಬೀಳುವವರು ಹೆಚ್ಚಾಗಿ ಬರೀ ಹೊಟ್ಟೆಯವರು. ಹಿಂದಿನ ರಾತ್ರಿ ಕುಡಿತ ಬೇಡ. ಹಲ್ಲುಜ್ಜಿ ಹೋಗಿ, ಅಲ್ಲಿ ಬಾಯಿ ಮುಕ್ಕಳಿಸಲೂ ಕೊಡುತ್ತಾರೆ. ಪೆನ್ನಿನಲ್ಲಿ ಚುಕ್ಕಿ ಇಟ್ಟಾಗ ಕನ್ನಡಿ ನೋಡಿ, ಸುಮ್ಮನೆ ನಿಂತು, ನಕ್ಕು, ಮಾತಾಡಿ ನೋಡಿ. ಇಷ್ಟವಾಗದಿದ್ದರೆ ಅಳಿಸಲು ಹೇಳಿ, ನಾಲ್ಕು ಸಲ ಆದರೂ ಸರಿ. ಚುಕ್ಕಿ ಅಳಿಸಬಹುದು, ತೂತು ಆಗದು.

ಚುಚ್ಚುವಾಗ ಒಂದು ಚುರುಕು, ಕಣ್ಣಲ್ಲಿ ನೀರು, ಅಷ್ಟರಲ್ಲಿ ಮುಗಿದಿರುತ್ತದೆ. ಸ್ವಲ್ಪ ರಕ್ತ ಬಂದರೆ ಹೆದರಬೇಡಿ. ಹೊರಡುವ ಮುನ್ನ ಎರಡು ಸಂಗತಿ ಬರೆಸಿಕೊಳ್ಳಿ: ಸರಳಿನ ಉದ್ದ ಎಷ್ಟು, ಚಿಕ್ಕದಕ್ಕೆ ಬದಲಿಸಲು ಯಾವಾಗ ಬರಬೇಕು.

ಮೊದಲ ವಾರ: ಊತ, ಊಟ, ಹೆಲ್ಮೆಟ್ಟು

ಊತ ಮೂರನೆಯ ದಿನದಿಂದ ಐದನೆಯ ದಿನದ ಹೊತ್ತಿಗೆ ಏರಿ, ಆಮೇಲೆ ಇಳಿಯುತ್ತದೆ. ಐಸ್ ಚೂರುಗಳನ್ನು ಬಾಯಲ್ಲಿ ಕರಗಲು ಬಿಡಿ, ಕಡಿಯಬೇಡಿ. ತಲೆದಿಂಬು ಒಂದು ಹೆಚ್ಚಿಗೆ ಹಾಕಿ ಮಲಗಿ. ದಿಂಬಿನ ಬಟ್ಟೆ ಒಗೆದದ್ದಿರಲಿ.

ಊಟದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಮೊಸರನ್ನ, ಆರಿದ ಗಂಜಿ, ರಾಗಿ ಅಂಬಲಿ, ನೀರು ಮಜ್ಜಿಗೆ, ಮೆತ್ತನೆಯ ಇಡ್ಲಿ ಎಲ್ಲವೂ ಸರಿ. ಮುದ್ದೆ ನುಂಗಲು ಹಲ್ಲು ಬೇಕಿಲ್ಲ ಎಂಬುದು ಹಳೇ ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಅದನ್ನು ಅದ್ದುವ ಸಾರಿನ ಖಾರ, ಬಿಸಿ ಮಾತ್ರ ತಡೆಯಬೇಕು. ಚಕ್ಕುಲಿ, ನಿಪ್ಪಟ್ಟು, ಉಪ್ಪಿನಕಾಯಿ ಎರಡು ವಾರ ಡಬ್ಬದಲ್ಲೇ ಇರಲಿ. ಸಣ್ಣ ತುತ್ತು ಇಟ್ಟು ನಿಧಾನ ಅಗಿಯಿರಿ, ಇಲ್ಲದಿದ್ದರೆ ಸರಳನ್ನೇ ಕಡಿಯುತ್ತೀರಿ.

ಎಲೆಅಡಿಕೆ ಹಾಕುವವರು ಇಲ್ಲೊಮ್ಮೆ ನಿಲ್ಲಿ. ಸುಣ್ಣ ಒಳ್ಳೆಯ ತುಟಿಯನ್ನೇ ಸುಡುತ್ತದೆ, ಹಸಿಗಾಯದ ಗತಿ ಕೇಳಬೇಡಿ. ಗುಟ್ಕಾ, ಸಿಗರೇಟು, ಮದ್ಯ ಕೂಡ ಗಾಯ ಮಾಯುವುದನ್ನು ತಡಮಾಡುತ್ತವೆ. ಒಬ್ಬರ ಲೋಟದಲ್ಲಿ ಇನ್ನೊಬ್ಬರು ಕುಡಿಯುವುದು, ಮುತ್ತು, ಬಾಯಿಯ ಸಂಭೋಗ ಇವೆಲ್ಲ ಗಾಯ ಮಾಯುವವರೆಗೆ ಬೇಡ. ಇನ್ನೊಬ್ಬರ ಎಂಜಲು ನಿಮ್ಮ ಗಾಯಕ್ಕೆ ಹೊಸ ಬ್ಯಾಕ್ಟೀರಿಯಾ ತರುತ್ತದೆ. ಈಜುಕೊಳ, ಕೆರೆ, ಹೊಳೆ ಕೂಡ ಅಷ್ಟೇ.

ಬೆಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಯಾರೂ ಹೇಳದ ಸಂಗತಿ ಒಂದಿದೆ: ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟು. ತೆಗೆಯುವಾಗ ಗಲ್ಲದ ಭಾಗ ತುಟಿಗೆ ತಗುಲಿದರೆ ಪ್ರಾಣ ಹೋದಂತಾಗುತ್ತದೆ. ಎರಡೂ ಕೈಯಿಂದ ಬದಿಗಳನ್ನು ಅಗಲಿಸಿ, ಮುಂದಕ್ಕೆ ಎಳೆದು ಆಮೇಲೆ ಮೇಲೆತ್ತಿ. ಹೆಲ್ಮೆಟ್ಟನ್ನೇ ಬಿಡುವ ಜಾಣತನ ಬೇಡ. ಆ ವಾರ ಮೆಟ್ರೋ, ಬಸ್ಸು ಹಿಡಿದರಾಯಿತು. ಟವೆಲಿನಿಂದ ಮುಖ ಉಜ್ಜುವಾಗ, ತಲೆಯ ಮೇಲಿಂದ ಬಟ್ಟೆ ಕಳಚುವಾಗ, ಗಡ್ಡ ಬೋಳಿಸುವಾಗಲೂ ಇದೇ ಎಚ್ಚರ.

ತೊಳೆಯುವುದು: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಹೊರಗಿನ ಗಾಯಕ್ಕೆ ದಿನಕ್ಕೆ ಎರಡು ಸಲ ಸಲೈನ್, ಅಷ್ಟೇ. 0.9 ಶೇಕಡಾ ಸೋಡಿಯಂ ಕ್ಲೋರೈಡ್, ಬೇರೇನೂ ಸೇರಿಸದ್ದು. ಮೆಡಿಕಲ್ ಶಾಪಿನಲ್ಲಿ “ಎನ್‌ಎಸ್” ಅಂದರೆ ಕೊಡುತ್ತಾರೆ. ದೊಡ್ಡ ಬಾಟಲಿ ಅಗ್ಗವೆಂದು ತರಬೇಡಿ, ತೂತು ಮಾಡಿದ ಮೇಲೆ ಅದು ಶುದ್ಧವಾಗಿ ಉಳಿಯುವುದಿಲ್ಲ. ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಆಂಪೂಲ್ ತನ್ನಿ. ಮೂಗಿಗೆ ಬಿಡುವ ಸಲೈನ್ ಡ್ರಾಪ್ಸ್ ಬೇರೆ ವಸ್ತು, ಅದರ ಪ್ರಮಾಣ ಹೆಚ್ಚಾಗಿ ಬೇರೆ, ಅದರಲ್ಲಿ ಕೆಡದಂತಿಡುವ ರಾಸಾಯನಿಕವೂ ಇರಬಹುದು. ಮನೆಯಲ್ಲಿ ಉಪ್ಪುನೀರು ಕದಡಿದರೆ ಉಪ್ಪು ಹೆಚ್ಚಾಗುವುದೇ ಜಾಸ್ತಿ. ಹೆಚ್ಚು ಉಪ್ಪು ಗಾಯವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ.

ಕೈಯನ್ನು ಸೋಪು ಹಾಕಿ ತೊಳೆದು, ಸಲೈನಿನಲ್ಲಿ ತೋಯಿಸಿದ ಗಾಜ್ ತುಂಡನ್ನು ಒಂದೆರಡು ನಿಮಿಷ ಹೊರಗಿನಿಂದ ಇಟ್ಟುಕೊಳ್ಳಿ. ಹಕ್ಕಳೆ ನೆನೆದು ತಾನಾಗಿ ಬಿಟ್ಟರೆ ಒರೆಸಿ. ಬಿಡದಿದ್ದರೆ ಅದರ ಪಾಡಿಗೆ ಇರಲಿ, ಉಗುರಿನಿಂದ ಕೀಳಬೇಡಿ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಸರಳನ್ನು ತಿರುಗಿಸಬೇಡಿ. ಓಲೆಯನ್ನು ದಿನಾ ತಿರುಗಿಸುತ್ತಿರು, ಇಲ್ಲದಿದ್ದರೆ ಅಂಟಿಕೊಳ್ಳುತ್ತೆ ಎಂದು ಅಜ್ಜಿಯರು ಹೇಳುತ್ತಿದ್ದರು. ತಿರುಗಿಸಿದಷ್ಟೂ ಒಳಗೆ ಹೊಸದಾಗಿ ಕಟ್ಟುತ್ತಿರುವ ಪೊರೆ ಹರಿಯುತ್ತದೆ.

ಒಳಗಡೆಗೆ, ಊಟ ತಿಂಡಿ ಆದಾಗಲೆಲ್ಲ ಶುದ್ಧ ನೀರಿನಲ್ಲಿ ಮುಕ್ಕಳಿಸಿ. ಬೆಳಿಗ್ಗೆ, ರಾತ್ರಿ ಆಲ್ಕೋಹಾಲ್ ಇಲ್ಲದ ಮೌತ್‌ವಾಶ್‌ನಲ್ಲಿ ಅರ್ಧ ನಿಮಿಷ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಡಾಕ್ಟರು ಹೇಳದೆ ವಾರಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ರಶ್ ಹೊಸದು, ಮೆತ್ತನೆಯದು ಇರಲಿ. ಮುಕ್ಕಳಿಸುವುದು ಅತಿಯಾದರೆ ನಾಲಗೆ ಬೆಳ್ಳಗೆ ಅಥವಾ ಹಳದಿಯಾಗುತ್ತದೆ. ಆಗ ಕಡಿಮೆ ಮಾಡಿ.

ಇನ್ನು ಮನೆಮದ್ದು. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಕಡ್ಡಿ ನಮ್ಮ ಕಿವಿ ಮೂಗುಗಳನ್ನು ಸಾಕಿದ್ದು ನಿಜ. ಆದರೆ ಅಡುಗೆಮನೆಯ ಅರಿಶಿನದ ಪುಡಿ ಶುದ್ಧೀಕರಿಸಿದ್ದಲ್ಲ. ಅದರ ಕಣ ಸರಳಿನ ಸುತ್ತ ಕೂತು ಕೆರಳಿಸುತ್ತದೆ. ಎಣ್ಣೆ, ಆಯಿಂಟ್‌ಮೆಂಟ್ ಗಾಯಕ್ಕೆ ಗಾಳಿಯಾಡದಂತೆ ಮುಚ್ಚುತ್ತವೆ. ಡೆಟ್ಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಬೆಟಾಡಿನ್ ಹೊಸ ಜೀವಕೋಶಗಳಿಗೂ ಪೆಟ್ಟು ಕೊಡುತ್ತವೆ. ನಮ್ಮ ಮನೆಯಲ್ಲಿ ಈ ವಾದ ಮೂರು ದಿನ ನಡೆಯಿತು. ಕೊನೆಗೆ ಅಜ್ಜಿ “ಬರೀ ಉಪ್ಪುನೀರಿಗೆ ಇಷ್ಟು ದುಡ್ಡಾ” ಎಂದು ಕೈಬಿಟ್ಟರು.

ಎಲ್ಲರೂ ಮರೆಯುವ ಹೆಜ್ಜೆ

ಮೊದಲ ದಿನ ಊತಕ್ಕೆಂದು ಸುಮಾರು 10ರಿಂದ 12 ಮಿಲಿಮೀಟರ್ ಉದ್ದದ ಸರಳು ಹಾಕಿರುತ್ತಾರೆ. ಎರಡರಿಂದ ನಾಲ್ಕು ವಾರದಲ್ಲಿ ಊತ ಇಳಿದು, ಸರಳು ಸಡಿಲವಾಗಿ ಹೊರಗೆ ಚಾಚಿಕೊಳ್ಳುತ್ತದೆ. ಆಗ ಮರಳಿ ಹೋಗಿ 6 ಅಥವಾ 8 ಮಿಲಿಮೀಟರಿನದಕ್ಕೆ ಬದಲಿಸಬೇಕು. ನಿಖರ ಅಳತೆ ನಿಮ್ಮ ತುಟಿಯ ದಪ್ಪಕ್ಕೆ ತಕ್ಕಂತೆ. ಆ ಸಲ ಸ್ಟುಡಿಯೋದಲ್ಲೇ ಬದಲಿಸಲಿ, ನೀವೇ ಕೈ ಹಾಕಬೇಡಿ.

ನಾನು ಹೋಗಲಿಲ್ಲ. ನನಗೆ ಚುಚ್ಚಿದವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗಾಯ ವಾಸಿಯಾಯಿತು, ನೋವಿಲ್ಲ, ಇನ್ನೇನು ಎಂದುಕೊಂಡೆ. ಉದ್ದ ಸರಳು ಇದ್ದರೆ ನಾಲಗೆ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಕೂತಾಗ, ಓದುವಾಗ ಬಿಲ್ಲೆಯನ್ನು ಹಲ್ಲಿಗೆ ಕಟಕಟ ಬಡಿಯುವುದು ಅಭ್ಯಾಸವಾಯಿತು. ನಾಲ್ಕನೆಯ ತಿಂಗಳು ಕೆಳಗಿನ ಹಲ್ಲಿನ ಅಂಚು ಚೂರು ಮುರಿಯಿತು. ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದ್ದು ಅದನ್ನಲ್ಲ, ಅದರ ಕೆಳಗೆ ಸರಿದಿದ್ದ ಒಸಡನ್ನು. ತುಟಿಗೆ ಚುಚ್ಚಿಸಿಕೊಂಡವರನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಅರ್ಧದಷ್ಟು ಜನರಲ್ಲಿ ಒಸಡು ಸರಿದದ್ದು ಕಂಡಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಹಾಗಾಗಿ ಚಿಕ್ಕ ಸರಳು, ಒಳಗೆ ನುಣುಪು ಬಿಲ್ಲೆ, ಆರು ತಿಂಗಳಿಗೊಮ್ಮೆ ಒಸಡಿನ ತಪಾಸಣೆ. ನಾಲಗೆ ಆಡಿಸುವ ಚಟ ಹತ್ತಿದ್ದರೆ ಅದನ್ನು ಮೊದಲ ತಿಂಗಳೇ ಮುರಿಯಿರಿ.

ಯಾವುದು ಸಹಜ, ಯಾವುದು ಅಲ್ಲ

ಊತ, ಸ್ವಲ್ಪ ಕೆಂಪು, ಮುಟ್ಟಿದರೆ ನೋವು, ಬೆಳ್ಳಗಿನ ಇಲ್ಲವೇ ತಿಳಿ ಹಳದಿಯ ತೆಳು ದ್ರವ ಒಣಗಿ ಹಕ್ಕಳೆಯಾಗುವುದು, ಇವೆಲ್ಲ ಸಹಜ. ಒಳಗಿನ ಬಿಲ್ಲೆ ತುಟಿಯಲ್ಲಿ ಸಣ್ಣ ಕುಳಿ ಮಾಡಿಕೊಂಡು ಕೂರುವುದೂ ಸಹಜವೇ.

ಬಿಲ್ಲೆಯ ಮೇಲೆ ಮಾಂಸ ಬೆಳೆದು ಅದು ಕಾಣದಂತಾಗುತ್ತಿದ್ದರೆ ಅದು ಕುಳಿಯಲ್ಲ. ಅದೇ ದಿನ ಸ್ಟುಡಿಯೋಗೋ ಡಾಕ್ಟರ ಬಳಿಗೋ ಹೋಗಿ, ಉದ್ದದ ಸರಳು ಹಾಕಿಸಬೇಕು. ತೂತಿನ ಬಳಿ ಕೆಂಪು ಗುಳ್ಳೆ ಎದ್ದರೆ ಬಹಳ ಸಲ ಅದು ಸರಳಿನ ಉದ್ದ, ಲೋಹ ಅಥವಾ ಮುಟ್ಟುವ ಚಟದಿಂದ ಕೆರಳಿದ್ದು. ಕಾರಣ ಸರಿಪಡಿಸಿದರೆ ಇಳಿಯುತ್ತದೆ.

ಹಸಿರು ಅಥವಾ ಗಟ್ಟಿ ಹಳದಿ ಕೀವು, ಕೆಟ್ಟ ವಾಸನೆ, ಬಡಿದುಕೊಳ್ಳುವ ನೋವು, ವಾರ ಕಳೆದ ಮೇಲೂ ಏರುತ್ತಿರುವ ಊತ, ಗಲ್ಲದ ಕೆಳಗೆ ಗಂಟು, ಜ್ವರ: ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ ಬಳಿ ಹೋಗಿ. ಉಸಿರಾಡಲು, ನುಂಗಲು ಕಷ್ಟವಾದರೆ ನೇರ ತುರ್ತು ಚಿಕಿತ್ಸೆಗೆ. ಹೆದರಿ ಸರಳನ್ನು ನೀವೇ ಕಿತ್ತುಬಿಡಬೇಡಿ. ಬಾಯಿ ಮುಚ್ಚಿಕೊಂಡ ತೂತಿನೊಳಗೆ ಕೀವು ಉಳಿದು ಕುರುವಾಗಬಹುದು. ತೆಗೆಯಬೇಕೋ ಬೇಡವೋ ಡಾಕ್ಟರೇ ಹೇಳಲಿ. ಅಂಗಡಿಯವನಿಂದ ಆಂಟಿಬಯಾಟಿಕ್ ಮಾತ್ರೆ ಕೇಳಿ ನುಂಗುವುದು ನಮ್ಮೂರಿನ ಹಳೇ ರೋಗ, ಅದೂ ಬೇಡ.

ಮಾದ ಮೇಲೆ

ಮೂರು ತಿಂಗಳಾಗಿ, ನೋವು ಸ್ರಾವ ಏನೂ ಇಲ್ಲದಿದ್ದರೆ ಬೇರೆ ಆಭರಣ ಹಾಕಬಹುದು. ಆಗಲೂ ಖಾಲಿ ಬಿಡಬೇಡಿ. ವರ್ಷ ಹಳೆಯ ತೂತೂ ಕೆಲವರಿಗೆ ಬೇಗ ಕುಗ್ಗುತ್ತದೆ. ಸ್ಕ್ಯಾನ್, ಹಲ್ಲಿನ ಎಕ್ಸ್‌ರೇಗೆ ಲೋಹ ತೆಗೆಯಬೇಕಾಗಿ ಬಂದರೆ, ಗಾಜಿನ ಸರಳು ಸಿಗುತ್ತದೆ, ಒಂದು ಮೊದಲೇ ತೆಗೆದಿಟ್ಟುಕೊಳ್ಳಿ.

ವಾರಕ್ಕೊಮ್ಮೆ, ಸ್ನಾನವಾದ ಮೇಲೆ, ತೊಳೆದ ಕೈಯಿಂದ ಹೊರಗಿನ ಮಣಿ ಬಿಗಿಯಿದೆಯೇ ನೋಡಿಕೊಳ್ಳಿ. ನಿದ್ದೆಯಲ್ಲಿ ಕಳಚಿ ಹೊಟ್ಟೆಗೆ ಹೋದ ಮಣಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಹೊರಬೀಳುತ್ತದೆ. ನುಂಗಿದಂತಾಗಿ ಕೆಮ್ಮು ನಿಲ್ಲದಿದ್ದರೆ, ಉಸಿರಿನಲ್ಲಿ ಸೀಟಿಯ ಸದ್ದು ಬಂದರೆ, ಅದು ಶ್ವಾಸನಾಳಕ್ಕೆ ಹೋಗಿರಬಹುದು; ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.